ಟ್ರಂಕ್ ಕಾಲ್ ಬುಕ್ ಮಾಡಿ ಅಷ್ಟೊತ್ತು ಕಾಯುತ್ತಿದ್ದದ್ದು ಯಾಕೆ?

ಮಳೆಗಾಲ ಮುಗಿದ ಮೇಲೆ ಶಿರಸಿ ಹತ್ತಿರದ ನಮ್ಮ ಮನೆಗೆ ಲೈನ್‌ಮನ್ ಬಂದರು. ಫೋನು ಡೆಡ್ ಆಗಿ ಎರಡು ತಿಂಗಳಾಗಿತ್ತು. ಅಡಿಕೆ ತೋಟದ ಮೇಲೆ ಹಾದು ಬಂದಿದ್ದ ತಂತಿ ಎಲ್ಲಿ ತುಂಡಾಗಿದೆ ಅಂತ ಅರ್ಧ ದಿನ ಹುಡುಕಿ, ಕೊನೆಗೆ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಹೇಳಿದರು: "ಈ ತಾಮ್ರದ ಲೈನಿನ ಕಥೆ ಇಷ್ಟೇ ಮಾರಾಯ್ರೆ. ಇನ್ನು ಫೈಬರ್ ಹಾಕಿಸ್ಕೊಳ್ಳಿ."

ಇದು ನಮ್ಮ ತೋಟದ ಸಮಾಚಾರ ಮಾತ್ರ ಅಲ್ಲ. ಊರೂರಲ್ಲಿ ತಾಮ್ರದ ಜಾಗಕ್ಕೆ ಫೈಬರ್ ಬರುತ್ತಿದೆ. ಬ್ರಿಟನ್ ತನ್ನ ಹಳೆಯ ದೂರವಾಣಿ ಜಾಲವನ್ನು 2027ರ ಜನವರಿ ಮುಗಿಯುವುದರೊಳಗೆ ಪೂರ್ತಿ ನಿಲ್ಲಿಸಲು ಹೊರಟಿದೆ. ಇದರ ಜೊತೆಜೊತೆಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಪ್ಪು ಡಯಲ್ ಫೋನಿನ, ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಚಿತ್ರಗಳು ಓಡಾಡುತ್ತಿವೆ. ಕೆಳಗೆ ಒಂದೇ ಸಾಲು: "ಆ ಕಾಲವೇ ಚೆಂದ."

ನಮ್ಮನೆಯಲ್ಲೂ ಅದೇ ಮಾತು ನಡೆಯುತ್ತಿದ್ದಾಗ ಅಕ್ಕನ ಮಗಳು ನಡುವೆ ಬಾಯಿ ಹಾಕಿದಳು. "ಮಾವ, ಕರೆಂಟ್ ಹೋದ್ರೂ ಆ ಫೋನ್ ಹೇಗೆ ನಡೀತಿತ್ತು? ಬೇರೆ ಊರಿಗೆ ಫೋನ್ ಮಾಡೋಕೆ, ಅದೇ ಟ್ರಂಕ್ ಕಾಲಿಗೆ, ಬುಕ್ ಯಾಕೆ ಮಾಡ್ಬೇಕಿತ್ತು? ರಾತ್ರಿ ಮಾತಾಡಿದ್ರೆ ದುಡ್ಡು ಯಾಕೆ ಕಮ್ಮಿ?" ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡೆವು. ಹಾಗೆ ಇತ್ತು ಅನ್ನುವುದು ಎಲ್ಲರಿಗೂ ಗೊತ್ತು, ಯಾಕೆ ಹಾಗಿತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಅವಳಿಗೆ ಉತ್ತರ ಹೇಳಲು ಹೋಗಿ ಬರೆದದ್ದು ಇದು.

ಎರಡು ತಂತಿ, ಊರಿಗೊಂದು ಬ್ಯಾಟರಿ

ಮನೆಗೆ ಬರುತ್ತಿದ್ದದ್ದು ಒಂದು ಜೋಡಿ ತಾಮ್ರದ ತಂತಿ, ಅಷ್ಟೆ. ರಿಸೀವರ್ ಇಟ್ಟಾಗ ಆ ಜೋಡಿ ಬೇರೆ ಬೇರೆಯಾಗಿರುತ್ತದೆ. ಎತ್ತಿದರೆ ಎರಡೂ ಕೂಡಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ವಿದ್ಯುತ್ ಹರಿಯಲು ಶುರುವಾಗುತ್ತದೆ. ಮನೆಯ ಸ್ವಿಚ್‌ಬೋರ್ಡಿಗೂ ಈ ವಿದ್ಯುತ್ತಿಗೂ ಸಂಬಂಧವಿಲ್ಲ. ಅದು ಬರುತ್ತಿದ್ದದ್ದು ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ, ಅದೇ ತಂತಿಯಲ್ಲಿ, 48 ವೋಲ್ಟ್ ಲೆಕ್ಕದಲ್ಲಿ. ಎಕ್ಸ್‌ಚೇಂಜಿನ ಒಂದು ಕೋಣೆಯ ತುಂಬ ದೊಡ್ಡ ದೊಡ್ಡ ಬ್ಯಾಟರಿಗಳು. ಗಾಳಿಮಳೆಗೆ ಊರೆಲ್ಲ ಕತ್ತಲಾದರೂ ಆ ಬ್ಯಾಟರಿಗಳಲ್ಲಿ ಜೀವ ಇರುವಷ್ಟು ಹೊತ್ತು ಫೋನು ನಡೆಯುತ್ತಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಗಂಟೆ ಬಾರಿಸಲು ಇದೇ ತಂತಿಯಲ್ಲಿ 75 ವೋಲ್ಟ್ ಆಸುಪಾಸಿನ ಇನ್ನೊಂದು ಬಗೆಯ ವಿದ್ಯುತ್ ಬರುತ್ತಿತ್ತು. ಬೆತ್ತಲೆ ತಂತಿ ಕೈಯಲ್ಲಿ ಹಿಡಿದಿದ್ದಾಗಲೇ ಯಾರಾದರೂ ಫೋನ್ ಮಾಡಿದರೆ ಏನಾಗುತ್ತದೆ ಅಂತ ಯಾವ ಲೈನ್‌ಮನ್‌ ಬೇಕಾದರೂ ಹೇಳುತ್ತಾರೆ.

ಮಾತು ಹೋಗುತ್ತಿದ್ದ ಬಗೆಯೂ ಸರಳ. ಬಾಯಿಯ ಕಡೆ ಇದ್ದಿಲ ಹರಳು ತುಂಬಿದ ಪುಟ್ಟ ಡಬ್ಬಿ. ದನಿ ತಾಗಿದಾಗ ಹರಳುಗಳು ಒತ್ತಿಕೊಳ್ಳುತ್ತವೆ, ಸಡಿಲವಾಗುತ್ತವೆ, ಅದಕ್ಕೆ ತಕ್ಕಂತೆ ಹರಿಯುವ ವಿದ್ಯುತ್ ಹೆಚ್ಚು ಕಡಿಮೆಯಾಗುತ್ತದೆ. ಆಚೆ ತುದಿಯಲ್ಲಿ ಒಂದು ಅಯಸ್ಕಾಂತ ಆ ಏರಿಳಿತಕ್ಕೆ ಸರಿಯಾಗಿ ತೆಳ್ಳಗಿನ ತಗಡನ್ನು ಕುಣಿಸುತ್ತದೆ, ಕಿವಿಗೆ ದನಿ ಕೇಳುತ್ತದೆ. ಸರಿಯಾಗಿ ಕೇಳದಿದ್ದಾಗ ಹಿರಿಯರು ರಿಸೀವರನ್ನು ಅಂಗೈಗೆ ಟಪಟಪ ಬಡಿಯುತ್ತಿದ್ದರಲ್ಲ, ಅದು ಬರೀ ಸಿಟ್ಟಲ್ಲ. ತೇವ ಹಿಡಿದು ಗಟ್ಟಿಯಾದ ಹರಳು ಬಿಡಿಸುವ ನಿಜವಾದ ಉಪಾಯ.

ಇನ್ನು ಎಕ್ಸ್‌ಚೇಂಜ್ ಯಾಕೆ ಬೇಕು? ಊರಿನಲ್ಲಿ 100 ಫೋನ್ ಇವೆ ಅಂದುಕೊಳ್ಳಿ. ಎಲ್ಲರಿಂದ ಎಲ್ಲರಿಗೂ ನೇರ ತಂತಿ ಎಳೆಯಲು ಹೊರಟರೆ 4,950 ಲೈನು ಬೇಕು. ಬದಲಿಗೆ ನಡುವೆ ಒಂದು ಮನೆ ಮಾಡಿ, ಎಲ್ಲರ ತಂತಿಯನ್ನೂ ಅಲ್ಲಿಗೆ ತಂದರೆ 100 ಲೈನು ಸಾಕು. ಹಳ್ಳಿ ಹಳ್ಳಿಗೂ ಬಸ್ ಬಿಡದೆ ಪೇಟೆಯಲ್ಲೊಂದು ಬಸ್‌ಸ್ಟ್ಯಾಂಡ್ ಕಟ್ಟಿದ ಹಾಗೆ. ಅಲ್ಲಿಗೆ ಬಂದವರನ್ನು ಬೇಕಾದ ಬಸ್ಸಿಗೆ ಹತ್ತಿಸಲು ಯಾರಾದರೂ ಇರಬೇಕು. ಆ ಕೆಲಸಕ್ಕೆ ಕೂತವರೇ ಆಪರೇಟರ್.

ಬೋರ್ಡಿನ ಮುಂದೆ ಕೂತವರು

ಆಪರೇಟರ್ ಎದುರಿಗೆ ಸಾಲು ಸಾಲು ತೂತುಗಳಿರುವ ಬೋರ್ಡು, ಒಂದೊಂದು ತೂತೂ ಒಂದೊಂದು ಮನೆಯ ಫೋನು. ನೀವು ಫೋನಿನ ಹಿಡಿಕೆ ತಿರುಗಿಸಿದರೆ ಅಥವಾ ರಿಸೀವರ್ ಎತ್ತಿದರೆ ಅಲ್ಲಿ ಒಂದು ಪುಟ್ಟ ಮುಚ್ಚಳ ಬೀಳುತ್ತದೆ, ಇಲ್ಲವೇ ದೀಪ ಹತ್ತುತ್ತದೆ. ಆಪರೇಟರ್ ಎರಡು ತುದಿಯ ಹಗ್ಗದಂಥ ವೈರಿನ ಒಂದು ಪ್ಲಗ್ ನಿಮ್ಮ ತೂತಿಗೆ ಚುಚ್ಚಿ "ನಂಬರ್ ಪ್ಲೀಸ್" ಅನ್ನುತ್ತಾರೆ. ನಂಬರ್ ಹೇಳಿದ ಮೇಲೆ ಇನ್ನೊಂದು ಪ್ಲಗ್ ಆ ತೂತಿಗೆ. ಮಾತು ಮುಗಿದರೆ ಎರಡನ್ನೂ ಕೀಳುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಸ್ವಿಚ್ಚು ಅಂತ ಇದ್ದದ್ದು ಆ ಮನುಷ್ಯರ ಕೈ.

ಶುರುವಿನಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಹುಡುಗರನ್ನು ಇಟ್ಟಿದ್ದರು. ಅವರು ಗಿರಾಕಿಗಳನ್ನೇ ಗದರುತ್ತಿದ್ದರಂತೆ. 1878ರಲ್ಲಿ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಮಹಿಳಾ ಆಪರೇಟರ್ ಆಗಿ ಸೇರಿದರು. ಆಮೇಲೆ ಜಗತ್ತಿನ ಬಹಳಷ್ಟು ಕಡೆ ಇದು ಹೆಣ್ಣುಮಕ್ಕಳ ಕೆಲಸವೇ ಆಯಿತು. ಕೋಲ್ಕತ್ತದಲ್ಲಿ 1882ರಲ್ಲೇ ಎಕ್ಸ್‌ಚೇಂಜ್ ಶುರುವಾಗಿತ್ತು.

ಸಣ್ಣ ಪೇಟೆಗಳಲ್ಲಿ ಆಪರೇಟರ್‌ಗೆ ಊರೇ ಗೊತ್ತಿರುತ್ತಿತ್ತು. ಸೋದರತ್ತೆ ಒಂದು ಪ್ರಸಂಗ ಹೇಳುತ್ತಿದ್ದರು. ರಾತ್ರಿ ಮಗುವಿಗೆ ಜ್ವರ ಏರಿ ಡಾಕ್ಟರ ನಂಬರ್ ಕೇಳಿದರೆ, ಆಚೆಯಿಂದ ಉತ್ತರ: "ಡಾಕ್ಟ್ರು ಮನೇಲಿಲ್ಲ ಅಮ್ಮ, ಮದುವೆಮನೇಲಿದ್ದಾರೆ. ಅಲ್ಲಿಗೇ ಕೊಡ್ತೀನಿ, ಹಿಡ್ಕೊಳ್ಳಿ." ಇವತ್ತಿನ ಯಾವ ಆ್ಯಪೂ ಇಷ್ಟು ಜಾಣ ಅಲ್ಲ ಅಂತ ನಾವು ನಗುತ್ತೇವೆ. ಆದರೆ ಡಾಕ್ಟರು ಎಲ್ಲಿದ್ದಾರೆ ಅಂತ ಗೊತ್ತಿದ್ದವರಿಗೆ ನಿಮ್ಮನೆ ಜಗಳವೂ ಗೊತ್ತಿರುತ್ತಿತ್ತು. ಪ್ಲಗ್ ಚುಚ್ಚಿದವರು ಬಯಸಿದರೆ ಮಾತು ಕೇಳಬಹುದಿತ್ತು.

ಡಯಲ್ ಯಾಕೆ ಗುಂಡಗೆ ತಿರುಗುತ್ತಿತ್ತು

ಆಪರೇಟರ್ ಕೈಯನ್ನು ಯಂತ್ರಕ್ಕೆ ಒಪ್ಪಿಸಿದವನು ಎಂಜಿನಿಯರ್ ಅಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹೆಣದ ಪೆಟ್ಟಿಗೆ, ಶವಸಂಸ್ಕಾರದ ಏರ್ಪಾಡು ಇಂಥದ್ದೇ ವ್ಯಾಪಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೋಜರ್. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಇನ್ನೊಬ್ಬ ವ್ಯಾಪಾರಿಗೆ ತಿರುಗಿಸುತ್ತಿದ್ದಾಳೆ, ಯಾಕೆಂದರೆ ಅವಳು ಅವನ ಹೆಂಡತಿ ಅನ್ನುವ ಗುಮಾನಿ ಅವನಿಗಿತ್ತು ಅಂತ ಕಥೆ. ಕಥೆ ಎಷ್ಟು ನಿಜವೋ, ಆಪರೇಟರೇ ಬೇಡದ ಸ್ವಿಚ್ಚಿಗೆ 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು ನಿಜ. ತಿರುಗಿಸುವ ಡಯಲ್ ಅದರ ಹಿಂದೆ ಬಂತು.

ಡಯಲಿನ ಕೆಲಸ ಒಂದೇ: ತಂತಿಯ ಸರ್ಕ್ಯೂಟನ್ನು ಎಣಿಸಿ ಎಣಿಸಿ ಕಡಿಯುವುದು. 4ರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಅದು ಕರ್ರ್ ಎಂದು ವಾಪಸ್ ಬರುವಾಗ ನಾಲ್ಕು ಸಲ ಕಡಿಯುತ್ತದೆ. 7ಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ ಹತ್ತು ಕಡಿತದ ವೇಗ, ಹಾಗಾಗಿ ಸೊನ್ನೆ ವಾಪಸ್ ಬರಲು ಅಷ್ಟು ಹೊತ್ತು. ಎಕ್ಸ್‌ಚೇಂಜಿನಲ್ಲಿ ಈ ಕಡಿತ ಎಣಿಸುವ ಯಂತ್ರವನ್ನು ಹತ್ತು ಮಹಡಿಯ ಮನೆ ಅಂದುಕೊಳ್ಳಿ, ಪ್ರತಿ ಮಹಡಿಯಲ್ಲೂ ಹತ್ತು ಬಾಗಿಲು. ನಂಬರಿನ ಕೊನೆಯ ಎರಡು ಅಂಕಿ 47 ಆದರೆ, ಯಂತ್ರದ ಒಂದು ಕಡ್ಡಿ ಮೊದಲು ನಾಲ್ಕು ಮಹಡಿ ಏರುತ್ತದೆ, ಆಮೇಲೆ ಏಳು ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿರುವುದೇ ನೀವು ಕರೆದ ಮನೆ. ಎಕ್ಸ್‌ಚೇಂಜಿನೊಳಗೆ ಇಂಥ ನೂರಾರು ಕಡ್ಡಿಗಳು ಏರುವ, ಸರಿಯುವ, ಬೀಳುವ ಟಕಟಕ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಈ ಗುಟ್ಟು ಗೊತ್ತಿದ್ದ ಮಕ್ಕಳು ಮನೆಮನೆಯಲ್ಲೂ ಇದ್ದರು. ಬಿಲ್ಲಿಗೆ ಹೆದರಿ ಅಪ್ಪಂದಿರು ಡಯಲಿನ ತೂತಿಗೆ ಪುಟ್ಟ ಬೀಗ ಹಾಕಿ ಆಫೀಸಿಗೆ ಹೋಗುತ್ತಿದ್ದರಲ್ಲ, ಆಗ ರಿಸೀವರ್ ಇಡುವ ಗುಂಡಿಯನ್ನೇ ಟಕ್ ಟಕ್ ಟಕ್ ಎಂದು ಮೂರು ಸಲ ಒತ್ತಿದರೆ 3 ಹೋಗುತ್ತಿತ್ತು. ಡಯಲ್ ಮಾಡುವುದೂ ಅದನ್ನೇ ತಾನೆ, ಸರ್ಕ್ಯೂಟ್ ಕಡಿಯುವುದು. ಸೊನ್ನೆಗೆ ಮಾತ್ರ ಹತ್ತು ಸಲ ತಾಳ ತಪ್ಪದೆ ಒತ್ತಬೇಕು, ಅಲ್ಲಿ ಬಹಳ ಜನ ಸೋಲುತ್ತಿದ್ದರು. ನನ್ನ ಅಣ್ಣ ಸೋಲುತ್ತಿರಲಿಲ್ಲ.

ಭಾರತದಲ್ಲಿ ಇಂಥ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಬಂದದ್ದು ಶಿಮ್ಲಾಕ್ಕೆ, 1913–14ರಲ್ಲಿ. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆ ಶುರುವಾಯಿತು. ಫೋನುಗಳ ಜೊತೆಗೆ ಈ ಸ್ಟ್ರೋಜರ್ ಯಂತ್ರಗಳೂ ಅಲ್ಲಿ ತಯಾರಾದವು. ದೇಶದ ಎಷ್ಟೋ ಮನೆಗಳ ಕಪ್ಪು ಫೋನಿನ ಹುಟ್ಟೂರು ಕೆ.ಆರ್. ಪುರದ ಬಳಿಯ ದೂರವಾಣಿನಗರ. ಬಡಾವಣೆಗೆ ಹೆಸರು ಬಂದದ್ದೇ ಹಾಗೆ.

ಟ್ರಂಕ್ ಅಂದರೆ ಪೆಟ್ಟಿಗೆ ಅಲ್ಲ

ಈಗ ಮುಖ್ಯ ಪ್ರಶ್ನೆ. ಊರೊಳಗೆ ಡಯಲ್ ಮಾಡಬಹುದಾಗಿದ್ದರೂ ಶಿರಸಿಯಿಂದ ಬೆಂಗಳೂರಿಗೆ ಮಾತಾಡಲು ಯಾಕೆ ಬುಕ್ ಮಾಡಬೇಕಿತ್ತು?

ಟ್ರಂಕ್ ಅಂದರೆ ಇಲ್ಲಿ ಮರದ ಬೊಡ್ಡೆ. ಎಕ್ಸ್‌ಚೇಂಜಿನಿಂದ ಮನೆಮನೆಗೆ ಹೋಗುವ ತಂತಿಗಳು ಕೊಂಬೆಗಳಾದರೆ, ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ಹೋಗುವ ಹೆದ್ದಾರಿ ಟ್ರಂಕ್ ಲೈನ್. ಕಾಯುವುದಕ್ಕೆ ಕಾರಣ ಇಲ್ಲಿದೆ. ಪೇಟೆಯಲ್ಲಿ ನೂರಾರು ಫೋನ್ ಇದ್ದರೂ, ಅಲ್ಲಿಂದ ಹೊರಗಿನ ಊರಿಗೆ ಹೋಗುವ ಟ್ರಂಕ್ ಲೈನುಗಳು ಬೆರಳೆಣಿಕೆಯವು. ಒಂದು ಲೈನಿನಲ್ಲಿ ಒಂದು ಹೊತ್ತಿಗೆ ಒಂದೇ ಮಾತುಕತೆ. ಘಟ್ಟದ ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆಯಲ್ಲಿ ಎದುರಿನ ಲಾರಿ ದಾಟುವ ತನಕ ಬಸ್ಸು ಕಾಯುವುದಿಲ್ಲವೇ, ಅದೇ ಕಥೆ.

ಕಷ್ಟ ಇಷ್ಟೇ ಆಗಿದ್ದರೆ ಸರಿ. ಶಿರಸಿಯಿಂದ ಬೆಂಗಳೂರಿಗೆ ನೇರ ಲೈನ್ ಖಾಲಿ ಇಲ್ಲದಿದ್ದರೆ ಹುಬ್ಬಳ್ಳಿಯ ಮೇಲೆ ಹೋಗಬೇಕು. ಇಲ್ಲಿಯ ಆಪರೇಟರ್ ಹುಬ್ಬಳ್ಳಿಯವರನ್ನು ಹಿಡಿದು, ಹುಬ್ಬಳ್ಳಿಯವರು ಬೆಂಗಳೂರಿನವರನ್ನು ಹಿಡಿದು, ಅವರು ಆ ಮನೆಯ ಗಂಟೆ ಬಾರಿಸಬೇಕು. ಎಲ್ಲ ತುಂಡುಗಳೂ ಒಂದೇ ಕ್ಷಣಕ್ಕೆ ಖಾಲಿ ಸಿಕ್ಕಬೇಕು. ಹುಬ್ಬಳ್ಳಿ–ಬೆಂಗಳೂರು ಸಿಕ್ಕಾಗ ಶಿರಸಿ–ಹುಬ್ಬಳ್ಳಿ ಎಂಗೇಜ್, ಇದು ಬಿಡುವಾದಾಗ ಅದು ಎಂಗೇಜ್. ಹಾಗಾಗಿ ನೀವು 180ಕ್ಕೆ ಫೋನ್ ಮಾಡಿ ಬುಕ್ ಮಾಡಿದರೆ, ಆಪರೇಟರ್ ಒಂದು ಚೀಟಿ ಬರೆದು ಸಾಲಿನಲ್ಲಿಡುತ್ತಿದ್ದರು. ಏನಾಯಿತು ಅಂತ ವಿಚಾರಿಸಲು 181. ನಮ್ಮಂಥ ಹಳ್ಳಿಯವರಿಗೆ ಅದೂ ಇಲ್ಲ, ಫೋನಿದ್ದ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂರುವುದು. ಬೆಳಿಗ್ಗೆ ಬುಕ್ ಮಾಡಿದ ಕರೆ ಮಧ್ಯಾಹ್ನದ ಊಟದ ಹೊತ್ತಿಗೆ ಬಂದರೆ ಪುಣ್ಯ.

ಸಾಲು ದಾಟಿ ಮುಂದೆ ಹೋಗಲು ದಾರಿ ಇತ್ತು, ದುಡ್ಡು ಕೊಟ್ಟರೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ್ಜೆ. ಅರ್ಜೆಂಟಿಗೆ ಎರಡರಷ್ಟು ದರ, ಲೈಟ್ನಿಂಗಿಗೆ ಎಂಟರಷ್ಟು. ಲೈಟ್ನಿಂಗ್ ಕಾಲ್ ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೋ ಏನೋ ಆಗದೆ ಅಷ್ಟು ದುಡ್ಡು ಸುರಿಯುವವರು ಯಾರು?

ಲೆಕ್ಕ ಮೂರು ನಿಮಿಷಕ್ಕೊಂದು. ನಡುವೆ ಒಂದು ದನಿ ತೂರಿ ಬರುತ್ತಿತ್ತು: "ತ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್ ಮಾಡ್ಲಾ?" ಆ ಮೂರು ನಿಮಿಷದಲ್ಲಿ ಒಂದೂವರೆ ನಿಮಿಷ "ಹಲೋ ಹಲೋ, ಕೇಳಿಸ್ತಾ?" ಅನ್ನುವುದಕ್ಕೇ ಹೋಗುತ್ತಿತ್ತು. ಅಷ್ಟು ಕೂಗುತ್ತಿದ್ದದ್ದಕ್ಕೂ ಕಾರಣವಿದೆ. ದೂರ ಹೋದಷ್ಟೂ, ಒಂದೊಂದು ಎಕ್ಸ್‌ಚೇಂಜ್ ದಾಟಿದಷ್ಟೂ ದನಿ ಸೊರಗುತ್ತದೆ. ದೂರದವರಿಗೆ ಗಟ್ಟಿಯಾಗಿ ಕೂಗಬೇಕು ಅನ್ನುವ ನಮ್ಮ ಅಜ್ಜಿಯ ನಂಬಿಕೆ ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ವಿಡಿಯೊ ಕಾಲಿನಲ್ಲೂ ಅದನ್ನು ಬಿಡಲಿಲ್ಲ, ಅಷ್ಟೆ.

ಹಳೆಯ ವಿಸಿಟಿಂಗ್ ಕಾರ್ಡುಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ನಂಬರಿನ ಪಕ್ಕ "ಪಿ.ಪಿ." ಎಂದು ಇರುತ್ತಿತ್ತಲ್ಲ, ಅದೂ ಟ್ರಂಕ್ ಕಾಲಿನ ಪಳೆಯುಳಿಕೆ. ಪರ್ಟಿಕ್ಯುಲರ್ ಪರ್ಸನ್, ಇಂಥವರೇ ಬೇಕು ಅಂತ ಹೆಸರು ಹೇಳಿ ಬುಕ್ ಮಾಡುವ ಕರೆ. ಅವರನ್ನು ಲೈನಿಗೆ ಕರೆಸುವುದು ಆಪರೇಟರ್ ಕೆಲಸ, ಅದಕ್ಕೆ ಬೇರೆ ಶುಲ್ಕ. ಬರಬರುತ್ತ ಆ ಎರಡಕ್ಷರಕ್ಕೆ "ಇದು ಪಕ್ಕದ ಮನೆ ನಂಬರ್, ದಯವಿಟ್ಟು ಕರೆದು ಕೊಡಿ" ಅನ್ನುವ ಅರ್ಥ ಬಂತು. ಒಂದು ಫೋನಿಗೆ ಇಡೀ ಕೇರಿ ಪಿ.ಪಿ.

ಒಂದು ಸೊನ್ನೆ ಮಾಡಿದ ಕೆಲಸ

ಎಸ್‌ಟಿಡಿಯ ಎಸ್ ಅಂದರೆ ಸಬ್‌ಸ್ಕ್ರೈಬರ್. ಸಬ್‌ಸ್ಕ್ರೈಬರ್ ಟ್ರಂಕ್ ಡಯಲಿಂಗ್, ಅಂದರೆ ಗಿರಾಕಿಯೇ ಟ್ರಂಕ್ ಕರೆಯನ್ನು ಡಯಲ್ ಮಾಡುವುದು. ಭಾರತದಲ್ಲಿ 1960ರಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ಮೊದಲು ಶುರುವಾಯಿತು.

ಮೊದಲಿಗೆ ಸೊನ್ನೆ ಯಾಕೆ? "ಇದು ಊರೊಳಗಿನ ಕರೆ ಅಲ್ಲ, ನನ್ನನ್ನು ಟ್ರಂಕ್ ಲೈನಿಗೆ ಹತ್ತಿಸು" ಅಂತ ಎಕ್ಸ್‌ಚೇಂಜಿಗೆ ಕೊಡುವ ಸೂಚನೆ ಅದು. ಆಮೇಲಿನ ಅಂಕಿಗಳು ವಿಳಾಸ, ಹೊರಗಿನಿಂದ ಒಳಕ್ಕೆ. ಮೈಸೂರು 0821, ಮಂಗಳೂರು 0824, ಹುಬ್ಬಳ್ಳಿ 0836. ಎಲ್ಲಕ್ಕೂ 08 ಸಾಮಾನ್ಯ. ಬೆಂಗಳೂರಿನ ಕೋಡ್ ಮಾತ್ರ 080 ಅಂತ ಮೋಟು, ಶಿರಸಿಯದು 08384 ಅಂತ ಉದ್ದ. ದೊಡ್ಡ ಊರಿಗೆ ಗೌರವ ಅಂತಲ್ಲ. ಸೊನ್ನೆ ಬಿಟ್ಟು ಕೋಡೂ ಮನೆಯ ನಂಬರೂ ಸೇರಿ ಹತ್ತು ಅಂಕಿ ದಾಟಬಾರದು. ಬೆಂಗಳೂರಿನಲ್ಲಿ ಫೋನುಗಳು ಬಹಳ, ಮನೆ ನಂಬರಿಗೇ ಎಂಟು ಅಂಕಿ ಬೇಕು, ಕೋಡಿಗೆ ಉಳಿಯುವುದು ಎರಡೇ. ಶಿರಸಿಗೆ ಆರು ಅಂಕಿಯ ನಂಬರ್ ಸಾಕು, ಕೋಡಿಗೆ ನಾಲ್ಕು. ಬೆಂಗಳೂರಿನದೂ ಹಿಂದೆ 0812 ಆಗಿತ್ತು. ಊರು ಬೆಳೆದು ಕೋಡು ಸಣ್ಣದಾಯಿತು.

ಇನ್ನು ದುಡ್ಡಿನ ಲೆಕ್ಕ. ಆಪರೇಟರ್ ಇದ್ದಾಗ ಚೀಟಿ ಇತ್ತು. ಈಗ ಯಾರು ಬರೆದಿಡುತ್ತಾರೆ? ಇದಕ್ಕೆ ಸಿಕ್ಕ ಉಪಾಯ ನನಗೆ ಈ ಇಡೀ ಕಥೆಯಲ್ಲೇ ಬಹಳ ಮೆಚ್ಚುಗೆಯದು. ಎಕ್ಸ್‌ಚೇಂಜಿನಲ್ಲಿ ಪ್ರತಿ ಫೋನಿಗೂ ಒಂದು ಮೀಟರು, ಒಂದು ಮಿಡಿತ ಬಂದರೆ ಒಂದು ಅಂಕಿ ಮುಂದೆ. ಪ್ರತಿ ಅಂಕಿಗೂ ಒಂದೇ ಬೆಲೆ. ಆಟೊ ಮೀಟರ್ ಚಕ್ರ ತಿರುಗಿದಷ್ಟು ಓಡುತ್ತದಲ್ಲ, ಇಲ್ಲಿ ದೂರ ಹೆಚ್ಚಾದಷ್ಟು ಮೀಟರಿನ ಓಟ ಜೋರು. ಹತ್ತಿರದ ಊರಾದರೆ ಅರ್ಧ ನಿಮಿಷಕ್ಕೊಂದು ಟಿಕ್ ಅಂದುಕೊಳ್ಳಿ, ದಿಲ್ಲಿಯಾದರೆ ಎರಡು ಮೂರು ಸೆಕೆಂಡಿಗೇ ಒಂದು. ಯಾರಿಗೆ ಮಾಡಿದರು, ಎಷ್ಟು ಹೊತ್ತು ಮಾಡಿದರು ಅಂತ ಮೀಟರು ನೆನಪಿಡಬೇಕಾಗಿಯೇ ಇಲ್ಲ. ಕೊನೆಗೆ ಅಂಕಿ ಓದಿ ಬಿಲ್ಲು ಬರೆದರೆ ಮುಗಿಯಿತು. ಇದೇ ಕಾರಣಕ್ಕೆ ಬಿಲ್ಲು ವಿಪರೀತ ಬಂದಾಗ "ನಾವು ಯಾರಿಗೂ ಇಷ್ಟು ಮಾಡಿಲ್ಲ" ಅಂತ ವಾದಿಸಲು ಮನೆಯವರ ಹತ್ತಿರವೂ ಪುರಾವೆ ಇರುತ್ತಿರಲಿಲ್ಲ. ಬರೀ ಒಂದು ಮೊತ್ತ.

ರಾತ್ರಿ ಅಗ್ಗವಾಗುತ್ತಿದ್ದದ್ದೂ ಇದರಿಂದಲೇ ಅರ್ಥವಾಗುತ್ತದೆ. ಟ್ರಂಕ್ ಲೈನುಗಳು ಹಗಲು ವ್ಯಾಪಾರದವರಿಂದ, ಆಫೀಸಿನವರಿಂದ ಗಿಜಿಗುಡುತ್ತವೆ, ರಾತ್ರಿ ಖಾಲಿ ಬಿದ್ದಿರುತ್ತವೆ. ಖಾಲಿ ಬಸ್ಸು ಓಡಿಸುವ ಬದಲು ಕಡಿಮೆ ದರಕ್ಕೆ ಜನ ಹತ್ತಿಸಿದರೆ ಇಬ್ಬರಿಗೂ ಲಾಭ. ಹಾಗಾಗಿ ಸಂಜೆಯ ಮೇಲೆ ಅರ್ಧ ದರ, ರಾತ್ರಿ ಇನ್ನಷ್ಟು ಏರಿದರೆ ಕಾಲು ದರ. ಮಾಡಬೇಕಾಗಿದ್ದದ್ದು ಇಷ್ಟೇ, ಮೀಟರಿನ ಮಿಡಿತ ನಿಧಾನ ಮಾಡುವುದು. ಹಾಸ್ಟೆಲ್ ಹುಡುಗರು, ಗಂಡ ಮುಂಬೈಯಲ್ಲಿರುವ ಹೆಂಗಸರು ನಿದ್ದೆಗಣ್ಣಿನಲ್ಲಿ ಸಾಲು ನಿಲ್ಲುತ್ತಿದ್ದರು.

ಗಾಜಿನ ಕೋಣೆ, ಕೆಂಪು ಅಂಕಿ

ಅವರು ಸಾಲು ನಿಲ್ಲುತ್ತಿದ್ದದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಮುಂದೆ. ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಎಲ್ಲರಿಗೂ ಫೋನ್ ಕೊಡಲಾಗದಿದ್ದರೂ ಎಲ್ಲರ ಬೀದಿಯಲ್ಲೂ ಒಂದು ಫೋನ್ ಇಡಬಹುದು ಅನ್ನುವುದು ಬೂತಿನ ಹಿಂದಿನ ಲೆಕ್ಕ. ನಡೆಸುವವರಿಗೆ ಕಮಿಷನ್. ಅಂಗವಿಕಲರಿಗೆ ಬೂತು ಕೊಡುವಾಗ ಆದ್ಯತೆ ಇತ್ತು.

ಇದಕ್ಕೆ ಬೇಕಾದ ತಂತ್ರಜ್ಞಾನದ ಒಂದು ಮುಖ್ಯ ಹೆಜ್ಜೆ ಬಿದ್ದದ್ದು ನಮ್ಮ ಕಿತ್ತೂರಿನಲ್ಲಿ. ಕೇಂದ್ರ ಸರ್ಕಾರ 1984ರಲ್ಲಿ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿತು, ಅದರ ಹಿಂದಿನ ಚಾಲಕಶಕ್ತಿ ಸ್ಯಾಮ್ ಪಿತ್ರೋಡಾ. ವಿದೇಶಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕು, ಹಳ್ಳಿಯಲ್ಲಿ ಫ್ಯಾನಿಗೇ ಕರೆಂಟಿಲ್ಲ. ಸೆಕೆ, ಧೂಳು, ಕಣ್ಣುಮುಚ್ಚಾಲೆಯಾಡುವ ಕರೆಂಟು ಎಲ್ಲ ತಡೆದುಕೊಳ್ಳುವ 128 ಪೋರ್ಟಿನ, ಅಂದರೆ ಅಷ್ಟು ಲೈನು ಕೂಡಿಸಬಹುದಾದ, ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಇಲ್ಲಿಯ ಎಂಜಿನಿಯರುಗಳು ಮಾಡಿದರು. ಮೊದಲು ಅದು ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಏರುವ ಸರಿಯುವ ಕಡ್ಡಿಗಳ ಜಾಗಕ್ಕೆ ಸದ್ದಿಲ್ಲದ ಚಿಪ್ಪುಗಳು ಬಂದವು.

ಬೂತಿನೊಳಗೆ ಹೋಗೋಣ. ಒಬ್ಬರು ನಿಲ್ಲುವಷ್ಟೇ ಗಾಜಿನ ಕೋಣೆ, ಒಳಗೆ ಒಂದು ಫ್ಯಾನು, ತಲೆಯ ಮೇಲೆ ಕೆಂಪು ಅಂಕಿಗಳ ಡಬ್ಬಿ. ಎಕ್ಸ್‌ಚೇಂಜಿನ ಮೀಟರಿಗೆ ಹೋಗುವ ಮಿಡಿತವೇ ಈ ಡಬ್ಬಿಗೂ ಬರುತ್ತಿತ್ತು. ಜನ ಮಾತಾಡುತ್ತಿದ್ದದ್ದು ಆಚೆಯವರ ಜೊತೆಗಾದರೂ ಕಣ್ಣು ಮಾತ್ರ ಅಂಕಿಯ ಮೇಲೆ. ಜೇಬಿನಲ್ಲಿ ಹತ್ತು ರೂಪಾಯಿ ಇದ್ದವನು ಒಂಬತ್ತು ಚಿಲ್ಲರೆ ಕಂಡೊಡನೆ "ಸರಿ ಅಮ್ಮ ಇಡ್ತೀನಿ ಇಡ್ತೀನಿ" ಎಂದು ಮಾತಿನ ನಡುವೆಯೇ ಇಟ್ಟುಬಿಡುತ್ತಿದ್ದ. ಹೊರಗೆ ಪ್ರಿಂಟರ್ ಕರಕರ ಎಂದು ಬೆರಳಗಲದ ಚೀಟಿ ಉಗುಳುತ್ತಿತ್ತು.

ಅಂಗಡಿಗಳ ಮುಂದೆ ನೇತುಹಾಕಿದ್ದ ಒಂದು ರೂಪಾಯಿ ಕಾಯಿನ್ ಡಬ್ಬಿಯದು ಇನ್ನೊಂದು ಜಾಣತನ. ಆಚೆಯವರು ಎತ್ತಿದರೋ ಇಲ್ಲವೋ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತಿತ್ತು? ಎತ್ತಿದ ಕ್ಷಣಕ್ಕೆ ಎಕ್ಸ್‌ಚೇಂಜು ತಂತಿಯ ಜೋಡಿಯಲ್ಲಿ ಪ್ಲಸ್ಸು ಮೈನಸ್ಸನ್ನು ಅದಲುಬದಲು ಮಾಡುತ್ತಿತ್ತು. ಆ ತಿರುವು ಕಂಡರೆ ಮಾತ್ರ ಡಬ್ಬಿ ನಾಣ್ಯ ನುಂಗುತ್ತದೆ.

ಕಾಯುವುದು ಮುಗಿದದ್ದು

ಮುಂದಿನದು ಎಲ್ಲರಿಗೂ ಗೊತ್ತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆದರೆ ಬೂತುಗಳಿಗೆ ತಕ್ಷಣ ಏನೂ ಆಗಲಿಲ್ಲ. ಮೊಬೈಲಿನಲ್ಲಿ ಬರುವ ಕರೆಗೂ ದುಡ್ಡು ಕೊಡಬೇಕಿತ್ತು, ಹಾಗಾಗಿ ಜನ ಪೇಜರ್ ಎಂಬ, ಸಂದೇಶ ಮಾತ್ರ ತೋರಿಸುವ ಪುಟ್ಟ ಡಬ್ಬಿ ನೋಡಿ ಬೂತಿಗೆ ಓಡುತ್ತಿದ್ದರು. ನಿಜವಾದ ಪೆಟ್ಟು ಬಿದ್ದದ್ದು 2003ರ ಮೇ ತಿಂಗಳಲ್ಲಿ, ಬರುವ ಕರೆ ಉಚಿತವಾದಾಗ. ದರಗಳೂ ಇಳಿದವು. ಬೂತಿನವರು ಪಕ್ಕದಲ್ಲೇ ಜೆರಾಕ್ಸ್ ಮಶಿನ್ ತಂದಿಟ್ಟರು, ಆಮೇಲೆ ರೀಚಾರ್ಜ್ ಮಾಡಿದರು. ನಮ್ಮ ಪೇಟೆಯ ಒಂದು ಗಾಜಿನ ಕೋಣೆಯಲ್ಲಿ ಈಗ ಬೇಕರಿಯವರು ಖಾಲಿ ಬ್ರೆಡ್ ಟ್ರೇಗಳನ್ನು ಪೇರಿಸಿಡುತ್ತಾರೆ.

ಆಪರೇಟರ್ ಕೆಲಸವೂ ಒಂದು ದಿನ ಬೆಳಗಾಗುವುದರೊಳಗೆ ಹೋದದ್ದಲ್ಲ. ಎಸ್‌ಟಿಡಿ ಬಂದ 1960ರ ನಂತರವೂ ದಶಕಗಟ್ಟಲೆ ಟ್ರಂಕ್ ಬುಕಿಂಗ್ ಅದರ ಪಕ್ಕದಲ್ಲೇ ನಡೆದಿತ್ತು, ಯಾಕೆಂದರೆ ಯಂತ್ರ ಎಲ್ಲ ಊರಿಗೂ ಒಟ್ಟಿಗೆ ಬರಲಿಲ್ಲ. ಒಂದು ಊರಿನವರು ಸೊನ್ನೆ ಒತ್ತುತ್ತಿದ್ದಾಗ ಇನ್ನೊಂದು ಊರಿನವರು ಕಟ್ಟೆಯ ಮೇಲೆ ಕೂತಿದ್ದರು.

ಯಾವುದು ನೆನಪಾಗುತ್ತಿದೆ?

ವಾಟ್ಸ್‌ಆ್ಯಪ್ ಚಿತ್ರಗಳಿಗೆ ಮರಳಿದರೆ, ಜನ ನೆನೆಯುವ ಒಂದೊಂದರ ಹಿಂದೆಯೂ ಲೈನಿನ ಕೊರತೆ ಇದೆ. ಕೇರಿಗೆಲ್ಲ ಒಂದೇ ಫೋನ್ ಇದ್ದದ್ದರಿಂದ ಪಕ್ಕದ ಮನೆಯವರು "ನಿಮ್ಗೆ ಫೋನ್ ಬಂದಿದೆ" ಅಂತ ಓಡಿ ಬರುತ್ತಿದ್ದರು. ಮೂರೇ ನಿಮಿಷ ಇದ್ದದ್ದರಿಂದ ಮಾತಿಗೆ ತೂಕ ಇತ್ತು. ಟ್ರಂಕ್ ಲೈನ್ ಖಾಲಿ ಇಲ್ಲದ್ದರಿಂದ ಪೋಸ್ಟಾಫೀಸಿನ ಕಟ್ಟೆಯ ಹರಟೆ ಹುಟ್ಟಿತು. ಕೊರತೆ ಹೋಯಿತು, ಅದರ ಸುತ್ತ ಬೆಳೆದಿದ್ದ ಒಡನಾಟವೂ ಹೋಯಿತು. ಅದಕ್ಕೆ ಬೇಜಾರಾಗುವುದು ಸಹಜ. ಆದರೆ ನನ್ನ ಅಮ್ಮನನ್ನು ಕೇಳಿ ನೋಡಿ. ತವರಿನಲ್ಲಿ ಅಜ್ಜ ತೀರಿಕೊಂಡ ಸುದ್ದಿ ಲೈನ್ ಸಿಗದೆ ಒಂದು ದಿನ ತಡವಾಗಿ ತಲುಪಿತ್ತು. ಅಮ್ಮ ಯಾವತ್ತೂ ಕಪ್ಪು ಫೋನಿನ ಚಿತ್ರ ಫಾರ್ವರ್ಡ್ ಮಾಡಿದ್ದಿಲ್ಲ.

ಹಳೆಯ ವ್ಯವಸ್ಥೆಯ ತುಣುಕುಗಳು ಇನ್ನೂ ಕೈಯಲ್ಲಿವೆ. ತಿರುಗಿಸಲು ಏನೂ ಇಲ್ಲದಿದ್ದರೂ ನಾವು ಡಯಲ್ ಮಾಡುತ್ತೇವೆ. ಇಡಲು ಜಾಗವಿಲ್ಲದಿದ್ದರೂ ಫೋನ್ ಇಡುತ್ತೇವೆ. ಮೊಬೈಲಿನ ಹಸಿರು ಗುಂಡಿಯ ಮೇಲಿನ ಬಾಗಿದ ಚಿತ್ರ ಹಳೆಯ ರಿಸೀವರಿನದು. ಅಕ್ಕನ ಮಗಳು ಅದನ್ನು ಬಾಳೆಹಣ್ಣು ಅಂದುಕೊಂಡಿದ್ದಳಂತೆ. ಸೊನ್ನೆಯೂ ಒಮ್ಮೆ ವಾಪಸ್ ಬಂತು: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಒತ್ತಬೇಕು.

ನಮ್ಮನೆಗೆ ಫೈಬರ್ ಬಂತು. ಲೈನ್‌ಮನ್ ಹಳೆಯ ತಂತಿ ಸುತ್ತಿಟ್ಟು, ಗೋಡೆಗೆ ಬಿಳಿ ಡಬ್ಬಿ ಹೊಡೆದು, ಹಳೆಯ ಫೋನನ್ನೇ ಅದಕ್ಕೆ ಸಿಕ್ಕಿಸಿ ಕೊಟ್ಟರು. ದನಿ ಈಗ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ನಾಲ್ಕನೇ ದಿನ ಸಂಜೆ ಗಾಳಿ ಬೀಸಿ ಕರೆಂಟು ಹೋಯಿತು. ಅಕ್ಕನ ಮಗಳು ಓಡಿ ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟಳು. ಫೈಬರಿನಲ್ಲಿ ಬರುವುದು ಬರೀ ಬೆಳಕು, ಪೇಟೆಯ ಬ್ಯಾಟರಿಯ ವಿದ್ಯುತ್ ಅದರಲ್ಲಿ ಹರಿಯುವುದಿಲ್ಲ. ಬಿಳಿ ಡಬ್ಬಿಗೆ ನಮ್ಮನೆಯದೇ ಕರೆಂಟ್ ಬೇಕು.

"ಮಾವ, ಏನೂ ಕೇಳ್ತಿಲ್ಲ" ಅಂದಳು.